ಕಾರುಗಳ ಘಟಿಕೋತ್ಸವ

ತನ್ನ ದನಿ ಇಷ್ಟು ತೆಳ್ಳಗೆ, ಇಷ್ಟು ಖಚಿತವಾಗಿ ಇದೆಯೆಂದು ವಾರಿಜಾಗೆ ಗೊತ್ತಿರಲಿಲ್ಲ. ಮಂಗಳವಾರ ಖಾಲಿ ಆಡಿಟೋರಿಯಂನಲ್ಲಿ ಕ್ಯಾಮೆರಾದ ಕೆಂಪು ಚುಕ್ಕಿಯನ್ನೇ ನೋಡುತ್ತ ಓದಿದ ಭಾಷಣ ಈಗ ಸ್ಕೂಲಿನ ಪಾರ್ಕಿಂಗ್ ಲಾಟಿನ ತುಂಬ ಎಫ್‌ಎಂನಲ್ಲಿ ಬಿತ್ತರವಾಗುತ್ತಿತ್ತು. ಮುಗಿದರೆ ಮತ್ತೆ ಮೊದಲಿನಿಂದ. ಕೊರೋನಾದಿಂದಾಗಿ ಈ ವರ್ಷ ವೇದಿಕೆಯಿಲ್ಲ, ಕುರ್ಚಿಗಳ ಸಾಲಿಲ್ಲ. ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ಕಾರಿನಲ್ಲೇ ಸಾಲಾಗಿ ಬರಬೇಕು, ಹಳದಿ ಗೆರೆಯ ಮೇಲೆ ನಿಲ್ಲಬೇಕು, ಕಿಟಕಿಯಿಂದ ಕೈ ಚಾಚಿ ಡಿಪ್ಲೊಮಾ ತೆಗೆದುಕೊಂಡು ಹೋಗಬೇಕು. ಯಾರೂ ಕೆಳಗಿಳಿಯುವಂತಿಲ್ಲ. ವಾರಿಜಾ ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ, ನೀಲಿ ಗ್ಲೌಸು ಹಾಕಿಕೊಂಡು, ಕೆಫೆಟೇರಿಯಾದಿಂದ ತಂದ ಟ್ರೇ ಹಿಡಿದು ಆ ಗೆರೆಯ ಬಳಿ ನಿಂತಿದ್ದಳು. ಒಂದೊಂದು ಕಾರಿಗೆ ನಲವತ್ತು ಸೆಕೆಂಡು ಎಂದು ಪ್ರಿನ್ಸಿಪಾಲರು ಹೇಳಿದ್ದರು. ಕಾರು ನಿಲ್ಲುತ್ತಿತ್ತು, ಕಿಟಕಿ ಇಳಿಯುತ್ತಿತ್ತು, ಒಳಗಿನ ತಂಪಿನ ಜೊತೆಗೆ ಅವಳದೇ ದನಿ ಹೊರಗೆ ಬಂದು ಅವಳ ಮುಖಕ್ಕೆ ತಾಕುತ್ತಿತ್ತು. ‘ನೀವು ನಂಬಿದವರನ್ನು ಮರೆಯಬೇಡಿ,’ ಎನ್ನುತ್ತಿತ್ತು ಒಂದು ಕಾರು. ಮುಂದಿನ ಕಾರು ವಾಕ್ಯವನ್ನು ಮುಗಿಸುತ್ತಿತ್ತು: ‘ನಿಮ್ಮನ್ನು ನಂಬಿದವರನ್ನೂ.’ ಅದನ್ನು ಬರೆಯುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲವೆಂಬುದೇ ಈಗ ಅವಳನ್ನು ಹೆದರಿಸಿತು. ಸ್ಕೂಲಿನಲ್ಲಿ ಮಕ್ಕಳ ಕಷ್ಟಸುಖ ನೋಡುವ ಡೀನ್ ಆದವಳು ಬರೆಯುವ ವಾಕ್ಯ ಅದು. ಬರೆದಿದ್ದಳು.

ಅವಳು ಕಾಯುತ್ತಿದ್ದುದು ಎರಡು ಕಾರುಗಳನ್ನು. ಸಂಹಿತಾಳದು ಮೊದಲು, ಹತ್ತೂವರೆಯ ಸಾಲಿನಲ್ಲಿ, ನಿಶಾಳದು ಹನ್ನೊಂದೂಕಾಲಕ್ಕೆ. ಈ ಇಬ್ಬರು ಹುಡುಗಿಯರು ಆರನೇ ತರಗತಿಯಿಂದ ಒಂದೇ ಬೆಂಚು, ಒಂದೇ ಹೆಡ್‌ಫೋನು. ಮಾರ್ಚ್‌ನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅದಕ್ಕೆ ಕಾರಣ ವಾರಿಜಾ ಎಂಬುದು ನಿಶಾಗೆ ಗೊತ್ತಿಲ್ಲ. ಇವತ್ತು ಹೇಳಿಬಿಡಬೇಕು. ಬೆಳಿಗ್ಗೆ ಹಲ್ಲುಜ್ಜುವಾಗ ಹಾಗಂದುಕೊಂಡಿದ್ದಳು, ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ, ಸ್ಕೂಲಿನ ನೀಲಗಿರಿ ಮರಗಳ ಕೆಳಗೆ ಕಾರು ನಿಲ್ಲಿಸಿ ಐದು ನಿಮಿಷ ಸ್ಟೀರಿಂಗ್ ಹಿಡಿದು ಕೂತಾಗಲೂ ಹಾಗೇ ಅಂದುಕೊಂಡಿದ್ದಳು. ಗಂಡ ನರಹರಿ ಕಾಫಿ ಲೋಟ ಕೊಡುತ್ತ, “ಯಾಕೆ, ಭಾಷಣ ಮಂಗಳವಾರವೇ ಮುಗೀತಲ್ಲ, ಇನ್ನೇನು ಟೆನ್ಷನ್ನು?” ಅಂದಿದ್ದ. ಅವನಿಗೂ ಹೇಳಿರಲಿಲ್ಲ. ಒಂದು ಗುಟ್ಟನ್ನು ಕೊನೆಗೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ ನೋಡು ಎಂದು ತನ್ನಷ್ಟಕ್ಕೇ ಅಂದುಕೊಂಡು, ಆ ಯೋಚನೆಯ ಕೊಳಕಿಗೆ ತಾನೇ ಹೇಸಿದ್ದಳು.

ಫೆಬ್ರವರಿಯ ಮೊದಲ ವಾರ ನಿಶಾ ವಾರಿಜಾಳ ಆಫೀಸು ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿದ್ದಳು. ಸ್ಕೂಲಿನಲ್ಲಿ ಉಳಿದ ಮಕ್ಕಳಂತೆ ಅವಳೂ ಇವಳನ್ನು ಡೀನ್ ಎಂದೇ ಕರೆಯುತ್ತಿದ್ದವಳು. ಶನಿವಾರ ಭಾನುವಾರ ಯಾರದಾದರೂ ಮನೆಯ ಊಟದಲ್ಲಿ ಸಿಕ್ಕರೆ ಆಂಟಿ. ಅವತ್ತು ಸ್ಕೂಲಿನಲ್ಲೇ ಆಂಟಿ ಅಂದಳು. ಅಂದು, ಯಾವ ಕಾಲೇಜಿಗೂ ತಾನು ಅಪ್ಲೈ ಮಾಡಿಲ್ಲವೆಂದಳು. ಒಂದಕ್ಕೂ ಇಲ್ಲ. ಅಪ್ಪ ಅಮ್ಮನಿಗೆ ತೋರಿಸಿದ ಪಟ್ಟಿ ಸುಳ್ಳು, ಪ್ರಬಂಧಗಳು ಸುಳ್ಳು; ಲಾಸ್ ಏಂಜಲೀಸಿನ ಕಾಲೇಜೊಂದರಿಂದ ಬಂದ ಪತ್ರ ಅವಳೇ ರಾತ್ರಿ ಕೂತು ಟೈಪ್ ಮಾಡಿದ್ದು. ಯಾಕೆ ಎಂದರೆ ಭುಜ ಕುಣಿಸಿದಳು. ಅರ್ಜಿಯ ಖಾಲಿ ಜಾಗದಲ್ಲಿ ನೀನು ಯಾರು ಎಂದು ಕೇಳಿದ್ದರಂತೆ, ಅಲ್ಲಿಗೆ ಬಂದು ಕೈ ನಿಂತುಹೋಯಿತಂತೆ. ಸಂಹಿತಾಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಈಗ ನಿಮಗೆ. ವಾರಿಜಾ ಅವಳ ಕೈಹಿಡಿದು, ಎರಡು ವಾರದಲ್ಲಿ ನೀನೇ ಮನೆಯಲ್ಲಿ ಹೇಳು, ಯಾರು ಬೇಕಾದರೂ ಸೇರಬಹುದಾದ ಕಮ್ಯುನಿಟಿ ಕಾಲೇಜು ಇದೆ, ಬಾಗಿಲು ಯಾವುದೂ ಮುಚ್ಚಿಲ್ಲ, ಅಲ್ಲಿಯವರೆಗೆ ಇದು ಈ ಕೋಣೆ ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕೊಡುವಾಗ ಪೂರ್ತಿ ನಿಜವಾಗಿಯೇ ಕೊಟ್ಟಿದ್ದಳು.

ಒಂಬತ್ತನೇ ದಿನ ಡೈಮಂಡ್ ಬಾರ್ ಎಂಬ ಊರಿನಲ್ಲಿ, ನಿಶಾಳ ಸೋದರಮಾವನ ಮನೆಯಲ್ಲಿ, ಸತ್ಯನಾರಾಯಣ ಪೂಜೆ. ಸ್ಯಾನ್ ಡಿಯೇಗೋದಿಂದ ಎರಡು ತಾಸು ಡ್ರೈವ್ ಮಾಡಿಕೊಂಡು ಹೋಗಿದ್ದರು. ಗುಡ್ಡದ ಮೇಲಿನ ಮನೆ, ಬಾಗಿಲ ಹತ್ತಿರ ಚಪ್ಪಲಿಗಳ ರಾಶಿ, ಹಿತ್ತಿಲಿನ ಲಿಂಬೆ ಗಿಡದ ಕೆಳಗೆ ಗಂಡಸರು. ನಿಶಾಳ ತಾಯಿ ರಜನಿ ಸ್ಟೀಲಿನ ಡಬ್ಬಿ ಹಿಡಿದು ಒಬ್ಬೊಬ್ಬರಿಗೂ ಕಾಶಿ ಹಲ್ವ ಹಂಚುತ್ತಿದ್ದಳು. ಪೂಜೆಯದಲ್ಲ, ಇದು ಬೇರೆ, ನಮ್ಮ ನಿಶಾಗೆ ಸೀಟಾಯಿತಲ್ಲ, ಅದರದ್ದು. ವಾರಿಜಾಳ ಅಂಗೈಗೆ ಬಿಸಿ ಹಲ್ವ ಬಿತ್ತು. ಕೋಣೆಯ ಆ ಮೂಲೆಯಿಂದ ನಿಶಾ ಅವಳನ್ನೇ ನೋಡುತ್ತಿದ್ದಳು. ವಾರಿಜಾಗೆ ಅದನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಬೆರಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು, ರಜನಿ ನಗುತ್ತಿದ್ದಳು, ಯಾರೋ ಅವಳ ಬೆನ್ನು ತಟ್ಟುತ್ತಿದ್ದರು, ನಾಳೆ ಇದೇ ಜನ ಈ ಡಬ್ಬಿಯನ್ನು ನೆನೆದು ನಗುತ್ತಾರೆ ಎನ್ನಿಸಿತು. ಪಾಪ, ಇವಳನ್ನು ನಿಲ್ಲಿಸಬೇಕು. ಅಡುಗೆಮನೆಯ ಪಕ್ಕದ ವಾಷಿಂಗ್ ಮಷೀನಿನ ಕೋಣೆಗೆ ರಜನಿಯನ್ನು ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ನಾನು ಹೇಳಿದ್ದೆಂದು ಮಾತ್ರ ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತದೆ. ರಜನಿಯ ಮುಖದ ಬಣ್ಣ ಇಳಿಯುವುದನ್ನು ನೋಡುತ್ತಿದ್ದಾಗ, ಮರುಕದ ಅಡಿಯಲ್ಲಿ ಎಲ್ಲೋ, ಸಣ್ಣಗೆ, ಬೇರೇನೋ ಇತ್ತು. ಅದೇನೆಂದು ನಾಲ್ಕು ತಿಂಗಳಿಂದ ಹುಡುಕುತ್ತಿದ್ದಾಳೆ. ಚಿಕ್ಕಂದಿನಲ್ಲಿ, ಊರು ಕಾಪುವಿನ ಶಾಲೆಯಲ್ಲಿ, ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕ್ಲಾಸ್ ಲೀಡರ್ ಅವಳು. ಸೀಮೆಸುಣ್ಣ ಬೋರ್ಡಿಗೆ ತಾಕುವ ಮೊದಲಿನ ಒಂದು ಕ್ಷಣ ಇಡೀ ತರಗತಿ ಅವಳ ಕೈಯನ್ನೇ ನೋಡುತ್ತಿತ್ತಲ್ಲ, ಅದು. ಒಮ್ಮೆ ತನ್ನ ಪಕ್ಕದಲ್ಲೇ ಕೂರುವ ಹುಡುಗಿಯ ಹೆಸರನ್ನೂ ಬರೆದಿದ್ದಳು. ಸತ್ಯವನ್ನೇ ಬರೆದಿದ್ದಳು, ಅವಳು ಮಾತಾಡಿದ್ದು ಇವಳ ಹತ್ತಿರವೇ.

“ಕೀಪ್ ಇಟ್ ಮೂವಿಂಗ್!” ಎಂದು ಪಿ.ಟಿ. ಮೇಷ್ಟ್ರು ಮೈಕಿನಲ್ಲಿ ಕೂಗಿದರು. ಆದರೆ ಸಾಲು ನಿಂತುಬಿಟ್ಟಿತ್ತು. ಇಂಜಿನ್ ಆಫ್ ಮಾಡಿ ರೇಡಿಯೋದಲ್ಲಿ ವಾರಿಜಾಳ ಭಾಷಣ ಕೇಳುತ್ತ ಕೂತಿದ್ದ ಯಾರದೋ ಕಾರಿನ ಬ್ಯಾಟರಿ ಸತ್ತುಹೋಗಿತ್ತು. ಇಬ್ಬರು ಟೀಚರುಗಳು ಕೇಬಲ್ ಹುಡುಕುತ್ತ ಓಡಿದರು. ಆ ಕಾರಿನ ಹಿಂದೆ, ಸರಿಯಾಗಿ ಹಳದಿ ಗೆರೆಯ ಮೇಲೆ ನಿಂತದ್ದು ಸಂಹಿತಾಳ ಅಪ್ಪ ಸಂಗಮೇಶನ ಹಳೆಯ ವ್ಯಾನು. ಬಲೂನಿಲ್ಲ, ರಿಬ್ಬನ್ನಿಲ್ಲ, ಮೇಲೆ ಹಗ್ಗ ಬಿಗಿದ ನಾಲ್ಕು ಸೂಟ್‌ಕೇಸು. ಅವನ ಲ್ಯಾಬ್ ಮೇ ಕೊನೆಗೆ ಮುಚ್ಚುತ್ತದೆಂದು ಫೆಬ್ರವರಿಯಲ್ಲೇ ತಿಳಿಸಿದ್ದರು, ಬೇರೆ ಕೆಲಸ ಸಿಗಲಿಲ್ಲ, ಕೆಲಸವಿಲ್ಲದೆ ವೀಸಾ ಇಲ್ಲ. ಸಂಜೆ ಲಾಸ್ ಏಂಜಲೀಸಿನಿಂದ ಇಂಡಿಯಾಕ್ಕೆ ಒಂದು ವಿಶೇಷ ವಿಮಾನವಿತ್ತು. ಇಲ್ಲಿಂದ ನೇರ ಏರ್‌ಪೋರ್ಟಿಗೆ.

“ನಮಸ್ಕಾರ್ರೀ ಮೇಡಂ,” ಎಂದ ಸಂಗಮೇಶ, ಮಾಸ್ಕಿನೊಳಗಿಂದಲೇ ನಗುತ್ತ. “ಲಗೂನ ಸರ್ಟಿಫಿಕೇಟ್ ಕೊಟ್ಟು ಕಳಸ್ರಿ. ಇಲ್ಲಾಂದ್ರ ವಿಮಾನದವ್ರು ನಮ್ಮನ್ನ ಬಿಟ್ಟು ನಮ್ಮ ಸೂಟ್‌ಕೇಸ್ ಅಷ್ಟ ಒಯ್ತಾರ.”

“ನೀವ್ ಸುಮ್ಕಿರ್ರಿ,” ಎಂದಳು ಪಕ್ಕದಲ್ಲಿದ್ದ ಹೆಂಡತಿ. ಅವಳ ಕಣ್ಣು ಊದಿತ್ತು.

ಸಂಹಿತಾ ಹಿಂದಿನ ಸೀಟಿನಲ್ಲಿ ಎರಡು ಚೀಲಗಳ ನಡುವೆ ಸಿಕ್ಕಿಕೊಂಡಿದ್ದಳು. ನೀಲಿ ನಿಲುವಂಗಿ, ಚೌಕದ ಟೋಪಿ, ಮಡಿಲಲ್ಲಿ ಪ್ರೆಶರ್ ಕುಕ್ಕರು. “ಎಲ್ಲೂ ಜಾಗ ಇರಲಿಲ್ಲ ಆಂಟಿ,” ಎಂದಳು ವಾರಿಜಾಳ ನೋಟ ನೋಡಿ. “ಅವ್ವ ಇದನ್ನ ಬಿಟ್ಟು ಬರಂಗಿಲ್ಲ ಅಂದ್ಲು.” ಸಂಗಮೇಶ ಬ್ಯಾಟರಿಗೆ ಸಹಾಯ ಮಾಡಲು ಕೆಳಗಿಳಿಯಹೋಗಿ, ಪಿ.ಟಿ. ಮೇಷ್ಟ್ರಿಂದ ಬೈಸಿಕೊಂಡು, ಕಿಟಕಿಯಿಂದಲೇ ಸಲಹೆ ಕೊಡತೊಡಗಿದ. ವಾರಿಜಾ ಟ್ರೇ ಹಿಡಿದುಕೊಂಡು ಹಿಂದಿನ ಕಿಟಕಿಗೆ ಬಗ್ಗಿದಳು. ಏನು ಹೇಳಬೇಕೆಂದು ಎಷ್ಟು ಸಲ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದಳೋ ಅದೆಲ್ಲ ಮಾಸ್ಕಿನ ಬಿಸಿಯಲ್ಲಿ ಬೆವೆತುಹೋಯಿತು.

ಮಾರ್ಚ್‌ನಲ್ಲಿ, ಸ್ಕೂಲು ಮುಚ್ಚುವ ಮೂರು ದಿನ ಮುಂಚೆ, ಈ ಹುಡುಗಿ ಅವಳೆದುರು ಕೂತಿದ್ದಳು. ಇಬ್ಬರು ವಿದ್ಯಾರ್ಥಿಗಳ ನಡುವೆ ಜಗಳವಾದರೆ ಡೀನ್ ಎದುರಿಗೆ ಕೂರಿಸಿ ಮಾತಾಡಿಸುವುದು ಸ್ಕೂಲಿನ ಕ್ರಮ, ಕೇಳಿಕೊಂಡವಳು ನಿಶಾ. ಅಮ್ಮನಿಗೆ ಯಾರೋ ಹೇಳಿದ್ದಾರೆ, ಗೊತ್ತಿದ್ದದ್ದು ಇಬ್ಬರಿಗೇ, ಅದರಲ್ಲಿ ಒಬ್ಬರು ಡೀನ್, ಅವರು ಹೇಳುವಂತಿಲ್ಲ, ಅದು ಅವರ ಕೆಲಸ, ಎಂದು ನಿಶಾ ಇಂಗ್ಲಿಷಿನಲ್ಲಿ ಲೆಕ್ಕದ ಪಾಠದ ಹಾಗೆ ಹೇಳಿದ್ದಳು. ಹಾಗಾದರೆ ನೀನೇ. ಹೇಳು. ಸಂಹಿತಾ ಆಗ ನಿಶಾಳನ್ನಲ್ಲ, ವಾರಿಜಾಳನ್ನು ನೋಡಿದಳು. ಬೆರಗಿನಿಂದ ಮೊದಲು, ಆಮೇಲೆ ಸುಮ್ಮನೆ, ಕಾಯುತ್ತ. ವಾರಿಜಾ ಮೇಜಿನ ಮೇಲಿನ ಸ್ಟೇಪ್ಲರನ್ನು ನೇರ ಮಾಡಿದಳು. ಎಷ್ಟು ಹೊತ್ತು? ಕ್ಯಾಂಪಸ್ಸಿನ ಬೆಲ್ ಹೊಡೆದು ನಿಂತಿತು. ಆಮೇಲೆ ಸಂಹಿತಾ ಅಂದಳು, ಹೌದು, ನಾನೇ ಹೇಳಿದೆ, ಸಾರಿ.

“ಸಂಹಿತಾ, ಅವತ್ತು ನೀನು ಯಾಕೆ…”

“ಬಿಡ್ರಿ ಆಂಟಿ.”

“ಇವತ್ತು ನಾನು ನಿಶಾಗೆ ಹೇಳ್ತೀನಿ. ನಾನೇ ಅಂತ.”

ಹುಡುಗಿ ಬೆಚ್ಚಿ ಮುಂದಿನ ಸೀಟಿನ ಕಡೆ ನೋಡಿ, ದನಿ ತಗ್ಗಿಸಿದಳು. “ಬ್ಯಾಡ್ರಿ. ಪ್ಲೀಸ್. ಆಕಿ ಯಾರ್ ಮುಂದೂ ಏನೂ ಹೇಳ್ಕೊಳ್ಳಂಗಿಲ್ಲ. ಮನ್ಯಾಗಂತೂ ಇಲ್ಲೇ ಇಲ್ಲ. ದೊಡ್ಡೋರಂತ ಇದ್ದವ್ರು ನೀವೊಬ್ರ. ನೀವ ಅಂತ ಗೊತ್ತಾದ್ರ ಇನ್ನ ಯಾರ ಹತ್ರ ಹೋಗ್ತಾಳ? ನಾ ಹೆಂಗೂ ಹೊಂಟಿದ್ದೆ. ಆವಾಗ್ಲೇ ಗೊತ್ತಿತ್ತು ನಂಗ, ಅಪ್ಪಾಜಿ ಕೆಲ್ಸ ಹೋಗೂದು. ಹೋಗೋರ್ ಮ್ಯಾಲೆ ಸಿಟ್ಟಿದ್ರ ಏನಾಗ್ತದ?” ಕುಕ್ಕರಿನ ಹಿಡಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. “ಹೇಳಂಗಿಲ್ಲ ಅನ್ರಿ.”

“ಹೇಳೋದಿಲ್ಲ,” ಎಂದಳು ವಾರಿಜಾ.

“ಆಣಿ?”

“ಆಣೆ.”

ಮುಂದಿನ ಕಾರು ಕೆಮ್ಮಿ ಜೀವ ತುಂಬಿಕೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಹಿತಾ ಟ್ರೇಯಿಂದ ಡಿಪ್ಲೊಮಾ ಎತ್ತಿಕೊಂಡು, ಬೇರೆ ಜಾಗವಿಲ್ಲದೆ, ಕುಕ್ಕರಿನ ಮುಚ್ಚಳ ತೆಗೆದು ಅದರೊಳಗಿಟ್ಟಳು. ಹೊರಟ ವ್ಯಾನಿನ ಹಿಂದಿನ ಗಾಜಿನಲ್ಲಿ ಚೌಕ ಟೋಪಿ ಒಂದು ಸಲ ಈ ಕಡೆ ತಿರುಗಿ, ಸಾಲಿನ ಕೊನೆಯವರೆಗೂ ಒಂದೊಂದೇ ಕಾರನ್ನು ಹುಡುಕಿ, ಮುಂದಕ್ಕೆ ತಿರುಗಿತು.

ಆಮೇಲಿನ ಮುಕ್ಕಾಲು ಗಂಟೆ ವಾರಿಜಾ ಏನೇನು ಮಾಡಿದಳೋ ಅವಳಿಗೆ ನೆನಪಿಲ್ಲ. ಕೈ ಟ್ರೇ ಚಾಚುತ್ತಿತ್ತು, ಬಾಯಿ ಕಂಗ್ರಾಚುಲೇಷನ್ಸ್ ಅನ್ನುತ್ತಿತ್ತು, ಯಾರದೋ ನಾಯಿ ಕೊರಳಿಗೆ ರಿಬ್ಬನ್ ಕಟ್ಟಿಕೊಂಡು ಕಿಟಕಿಯಿಂದ ಇಣುಕಿತ್ತು. ಹದಿನೇಳು ವರ್ಷದ ಹುಡುಗಿಯೊಬ್ಬಳು ವಾರಿಜಾಳ ತಪ್ಪನ್ನು ಹೊತ್ತುಕೊಂಡು ಸಮುದ್ರ ದಾಟಿ ಹೋಗುತ್ತಿದ್ದಾಳೆ. ಅದೂ ವಾರಿಜಾಗಾಗಿ ಅಲ್ಲ, ನಿಶಾಗಾಗಿ. ತನ್ನನ್ನು ಕಾಪಾಡಿದಳೆಂದು ಇಷ್ಟು ದಿನ ಒಳಗೊಳಗೇ ಅಂದುಕೊಂಡಿದ್ದಳಲ್ಲ, ಅದರಲ್ಲೊಂದು ಕೃತಜ್ಞತೆಯೂ ಇತ್ತಲ್ಲ. ಆ ಹುಡುಗಿ ತನ್ನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಸುಮ್ಮನಿರುವುದೇ ಈಗ ಸರಿ. ಸುಮ್ಮನಿರುವುದು ಈಗ ಹೇಡಿತನವೂ ಅಲ್ಲ, ಕೊಟ್ಟ ಮಾತು. ಹಾಗಂದುಕೊಂಡಾಗ ಎಷ್ಟು ಹಗುರವಾಯಿತೆಂದರೆ ಅವಳಿಗೆ ಆ ಹಗುರದ ಮೇಲೇ ಸಂಶಯ ಬಂತು.

ನಿಶಾಳ ಅಪ್ಪ ಸದಾನಂದನ ಬಿಳಿ ಕಾರು ಗೆರೆಯ ಮೇಲೆ ನಿಂತಿತು. ನಾಲ್ಕೂ ಕಿಟಕಿ ಒಟ್ಟಿಗೆ ಇಳಿದವು, ನಾಲ್ಕರಿಂದಲೂ ಅವಳ ದನಿ. ‘…ಕಷ್ಟದ ದಿನಗಳಲ್ಲಿ ಸತ್ಯ ಹೇಳುವ ಧೈರ್ಯ…’ ಸದಾನಂದ ನಾಚಿದವನಂತೆ ರೇಡಿಯೋ ತಗ್ಗಿಸಿದ.

“ಎಂತ ವಾರಿಜಾ, ಈ ಬಿಸಿಲಲ್ಲಿ ನಿಲ್ಲಿಸಿದ್ದಾರಲ್ಲ ಮಾರಾಯ್ತಿ ನಿಮ್ಮನ್ನ!” ಎಂದಳು ರಜನಿ. ನಿಲುವಂಗಿಯ ಮಗಳಿಗಿಂತ ಹೆಚ್ಚು ಅಲಂಕಾರ ಮಾಡಿಕೊಂಡಿದ್ದಳು. “ಒಂದು ಫೋಟೋ ಆಗಲಿ. ನಿಶಾ, ಟೋಪಿ ಸಮ ಮಾಡು. ನೋಡಿ, ನಮ್ಮ ಹತ್ರ ಮಾತೇ ಇಲ್ಲ ಇವಳದ್ದು. ಕೋಣೆ ಉಂಟು, ಅವಳುಂಟು. ನಿಮ್ಮ ಹತ್ರವಾದ್ರೂ ಮಾತಾಡ್ತಾಳಾ ನೋಡುವ.”

“ಮಾಮ್, ಸ್ಟಾಪ್,” ಎಂದಳು ನಿಶಾ. ತೆಳ್ಳಗಾಗಿದ್ದಳು. ಅವಳ ಕಣ್ಣು ವಾರಿಜಾಳ ಮೇಲಿರಲಿಲ್ಲ. ಹೊರಗೆ ಹೋಗುವ ಗೇಟಿನ ಕಡೆಗಿತ್ತು. ಕೈ ಚಾಚಿದವಳು ಡಿಪ್ಲೊಮಾ ತೆಗೆದುಕೊಳ್ಳಲಿಲ್ಲ. “ಡಿಡ್ ಷಿ ಕಮ್?” ಎಂದು ಕೇಳಿದಳು.

ವಾರಿಜಾಗೆ ಅರ್ಥವಾಗದವಳ ಹಾಗೆ ನಟಿಸಲು ಒಂದು ಉಸಿರಿನಷ್ಟು ಸಮಯವಿತ್ತು.

“ಬಂದಿದ್ದಳು. ಹೋದಳು.”

“ನನ್ನನ್ನ ಕೇಳಿದ್ಲಾ” ಎಂಬುದನ್ನು ನಿಶಾ ಇಂಗ್ಲಿಷಿನಲ್ಲಿ, ಏನೂ ಅಲ್ಲವೆಂಬಂತೆ, ಟೋಪಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಅವಳ ನಂಬರನ್ನು ಬ್ಲಾಕ್ ಮಾಡಿದ್ದನ್ನು ನಿನ್ನೆ ತೆಗೆದಿದ್ದಳಂತೆ. ಆದರೆ ಏನೂ ಬರಲಿಲ್ಲ. ಒಂದು ಸಲ ತಪ್ಪು ಮಾಡಿದವಳು ಇನ್ನೊಂದು ಸಲ ಸಾರಿ ಅನ್ನಬಹುದಿತ್ತು ಅಲ್ಲವಾ. ಅಂದಿದ್ದರೆ ಕ್ಷಮಿಸುತ್ತಿದ್ದೆ ಅನ್ನಿಸುತ್ತದೆ. ಗೊತ್ತಿಲ್ಲ. ಮೇ ಬಿ.

ಕ್ಷಮಿಸುವುದಕ್ಕೆ ಅವಳಲ್ಲಿ ಏನೂ ಇಲ್ಲ ಎಂದು ವಾರಿಜಾಳ ಒಳಗೆ ಯಾರೋ ಕೂಗಿದರು. ಈ ಮಗು ಮುಂದಿನ ಹತ್ತು ವರ್ಷ, ಇಪ್ಪತ್ತು ವರ್ಷ, ಇಲ್ಲದ ತಪ್ಪೊಂದನ್ನು ಕ್ಷಮಿಸಲೋ ಬೇಡವೋ ಎಂದು ಕೂರುತ್ತಾಳೆ. ನಂಬಿಕೆಗಿಂತ ದೊಡ್ಡದು ಯಾವುದೋ ಇದೆ, ಇದೆಯಲ್ಲ, ಅದರ ಹೆಸರು ನ್ಯಾಯ ಎಂದಿರಬೇಕು. ಹಾಗೆ ಅನ್ನಿಸಿತೋ, ಅಥವಾ ಇಡೀ ಕಾರು ತನ್ನ ಬಾಯನ್ನೇ ನೋಡುತ್ತಿದೆ ಎನ್ನಿಸಿತೋ. ಎರಡನ್ನೂ ಬಿಡಿಸಿ ನೋಡುವಷ್ಟು ಹೊತ್ತಿರಲಿಲ್ಲ. ಹೇಳಿದಳು. ಅವಳಲ್ಲ ನಿಶಾ, ನಾನು. ಡೈಮಂಡ್ ಬಾರ್‌ನಲ್ಲಿ, ನಿನ್ನ ಅಮ್ಮನಿಗೆ, ನಾನು.

“ವಾರಿಜಾ!” ಎಂದಳು ರಜನಿ. “ಎಂತಕ್ಕೆ ಈಗ ಇದೆಲ್ಲ? ನಾನು ಒಂದು ದಿನ ಬಾಯಿ ಬಿಟ್ಟಿದ್ದೇನಾ? ದೇವರಾಣೆ, ಇವರ ಹತ್ರವೂ ನಿಮ್ಮ ಹೆಸರು ಹೇಳಿಲ್ಲ.” ಸದಾನಂದ ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ. ಹಿಂದಿನ ಕಾರು ಹಾರ್ನ್ ಹೊಡೆಯಿತು, ಸಂಭ್ರಮದ ಹಾರ್ನು ಎಂದುಕೊಂಡು ಅದರ ಹಿಂದಿನವರೂ ಹೊಡೆದರು.

ನಿಶಾ ಅಳಲಿಲ್ಲ. ಏನನ್ನೋ ಹಿಂದಕ್ಕೆ ಎಣಿಸುತ್ತಿರುವವಳ ಹಾಗೆ ತುಟಿ ಅಲುಗಿತು. “ಬಟ್ ಷಿ ಸೆಡ್ ಸಾರಿ,” ಎಂದಳು. ಆಮೇಲೆ, “ನೀವು ಅಲ್ಲೇ ಇದ್ರಿ” ಎಂಬುದನ್ನು ಅವಳ ಇಂಗ್ಲಿಷಿನಲ್ಲಿ. ಆಮೇಲೆ ವಾರಿಜಾಳನ್ನು ಮೊದಲ ಸಲ ನೇರವಾಗಿ ನೋಡಿ: “ಯೂ ಗೇವ್ ಮಿ ಟಿಶ್ಯೂಸ್.”

ಕೊಟ್ಟಿದ್ದಳು. ಸ್ಟೇಪ್ಲರ್ ನೇರ ಮಾಡಿ ಆದ ಮೇಲೆ, ಅಳುತ್ತಿದ್ದ ನಿಶಾಳ ಕಡೆಗೆ ಡಬ್ಬಿ ಸರಿಸಿದ್ದಳು. ಸಂಹಿತಾಳ ಕಡೆಗೆ ಸರಿಸಿರಲಿಲ್ಲ.

“ಕಾಲ್ ಹರ್. ನಿಮ್ಮ ಫೋನಿಂದ. ನಂದು ಎತ್ತಲ್ಲ ಅವಳು.” ಕನ್ನಡದಲ್ಲೇ ಬಂತು, ಒರಟಾಗಿ, ಅಮ್ಮನ ಉಚ್ಚಾರದಲ್ಲಿ. ವಾರಿಜಾ ಗ್ಲೌಸು ಕಿತ್ತು, ನಂಬರ್ ಒತ್ತಿ, ಫೋನನ್ನು ಡಿಪ್ಲೊಮಾದ ಪಕ್ಕ ಟ್ರೇಯಲ್ಲಿಟ್ಟು ಚಾಚಿದಳು. ಸ್ಪೀಕರ್ ಆನ್ ಆಗಿತ್ತು. ಎರಡೇ ರಿಂಗಿಗೆ ಸಂಹಿತಾ ಎತ್ತಿದಳು.

“ಹೇಳ್ರಿ ಆಂಟಿ! ಏನ್ರಿ, ಏನರ ಮರ್ತೀವೇನು? ಇನ್ನ ಓಷನ್‌ಸೈಡ್ ಸುದ್ದಾ ದಾಟಿಲ್ಲ ನೋಡ್ರಿ, ಅಪ್ಪಾಜಿ ಬೈಲಿಕ್ಕೆ ಹತ್ಯಾರ.” ಹಿಂದೆ ರಸ್ತೆಯ ಗಾಳಿ, ಹಗ್ಗ ಬಡಿಯುವ ಸದ್ದು. “ಆಂಟಿ? ಹಲೋ?”

ನಿಶಾ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ಇಟ್ಸ್ ಮಿ,” ಎಂದಳು.

ಆಮೇಲೆ ಆ ಕಡೆಯಿಂದ, ಸಿಟ್ಟಿಲ್ಲದೆ, ಆಶ್ಚರ್ಯವೂ ಇಲ್ಲದೆ:

“ಆಂಟಿ ಹೇಳಿಬಿಟ್ರೇನು?”

ನಿಶಾ ಸ್ಪೀಕರ್ ಆಫ್ ಮಾಡಿ ಫೋನನ್ನು ಕೆನ್ನೆಗೆ ಒತ್ತಿಕೊಂಡಳು. ಕಿಟಕಿಯ ಗಾಜು ಮೇಲೇರಿತು. ರಜನಿ ಮುಂದಿನ ಕಿಟಕಿಯಿಂದ ಕೈ ಹಾಕಿ ಟ್ರೇಯಿಂದ ಡಿಪ್ಲೊಮಾ ತೆಗೆದುಕೊಂಡಳು. ಥ್ಯಾಂಕ್ಸ್ ಎಂದಳೋ ಏನೋ. ಸದಾನಂದ ಕಾರನ್ನು ಮುಂದಕ್ಕೆ ಬಿಟ್ಟು, ದೂರದಲ್ಲಿ, ನೀಲಗಿರಿಯ ನೆರಳಿನಲ್ಲಿ ಪಕ್ಕಕ್ಕೆ ನಿಲ್ಲಿಸಿದ. ಗಾಜಿನ ಹಿಂದೆ ನೀಲಿ ಟೋಪಿ ಬಗ್ಗಿತ್ತು. ಮಾತಾಡುತ್ತಿದ್ದಾಳೋ, ಕೇಳುತ್ತಿದ್ದಾಳೋ, ಇಬ್ಬರೂ ಸುಮ್ಮನಿದ್ದಾರೋ ಇಲ್ಲಿಂದ ತಿಳಿಯುತ್ತಿರಲಿಲ್ಲ. ವಾರಿಜಾ ಮುಂದಿನ ಕಾರಿಗೆ ತಿರುಗಿದಳು. ಉದ್ದ ಕೂದಲಿನ ಹುಡುಗನಿಗೆ ಅಭಿನಂದನೆ ಹೇಳಿದಳು. ಅವನ ಅಜ್ಜಿ ಹಿಂದಿನ ಸೀಟಿನಿಂದ ವಾರಿಜಾಗೆ ಮುತ್ತು ತೂರಿದಳು. ಇನ್ನೊಂದು ಕಾರು. ಇನ್ನೊಂದು.

ಬಿಳಿ ಕಾರು ಯಾವಾಗ ಹೊರಟಿತೋ ಅವಳು ನೋಡಲಿಲ್ಲ. ಪಿ.ಟಿ. ಮೇಷ್ಟ್ರು ಫೋನು ತಂದು ಮೇಜಿನ ಮೇಲಿಟ್ಟು, ನಿಮಗೆ ಕೊಡಲು ಹೇಳಿದಳು ಎಂದರು.

“ಏನಾದರೂ ಅಂದಳಾ?”

“ನೋಪ್.”

ಫೋನು ಬಿಸಿಯಾಗಿತ್ತು. ಗಾಜಿನ ತುಂಬ ಕೆನ್ನೆಯ ಗುರುತು, ಒದ್ದೆಯಾಗಿ ಒಣಗಿದ ಗೆರೆ, ಅದರಲ್ಲಿ ಸ್ವಲ್ಪ ಕಾಡಿಗೆ. ಕೈಯಿಂದ ಕೈಗೆ ಹೋದ ವಸ್ತುವನ್ನೆಲ್ಲ ತಕ್ಷಣ ಒರೆಸಬೇಕೆಂದು ಬೆಳಿಗ್ಗೆ ಎಲ್ಲ ಟೀಚರುಗಳಿಗೂ ಕಟ್ಟುನಿಟ್ಟಾಗಿ ಹೇಳಿದ್ದವಳು ಅವಳೇ. ಮುಂದಿನ ಕಾರು ಗೆರೆಯ ಮೇಲೆ ಬಂದು ನಿಂತಿತ್ತು. ವಾರಿಜಾ ಸ್ಯಾನಿಟೈಸರ್ ಬಟ್ಟೆ ಎಳೆದು ಗಾಜನ್ನು ಒರೆಸಿದಳು, ಮೂಲೆಗಳನ್ನೂ ಒರೆಸಿದಳು, ಟ್ರೇ ಎತ್ತಿಕೊಂಡಳು.